ಎಂಜಿಬಿಗೆ ಯಾವ ಆಯಿಲ್, ಯಾವ ಫಿಲ್ಟರ್?

1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರು ನಿಮ್ಮ ಹತ್ತಿರ ಇದ್ದರೆ, ಹೊಸ ಕಾರಿಗೆ ಹಾಕುವ 5ಡಬ್ಲ್ಯೂ-30 ಎಂಬ ತೆಳು ಸಿಂಥೆಟಿಕ್ ಆಯಿಲ್ ಇದಕ್ಕೆ ಬೇಡ. ದುಡ್ಡು ಜಾಸ್ತಿ ಕೊಟ್ಟರೆ ಆಯಿಲ್ ಒಳ್ಳೆಯದೇ ಇರುತ್ತೆ ಅನ್ನಿಸುತ್ತದೆ ಅಲ್ವಾ? ಆದರೆ ಈ 1798 ಸಿಸಿ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್, ತಾನು ತಳ್ಳುವ ಟ್ಯಾಪೆಟ್ ಎಂಬ ಲೋಹದ ಭಾಗದ ಮೇಲೆ ನೇರವಾಗಿ ಉಜ್ಜಿಕೊಂಡೇ ತಿರುಗುತ್ತದೆ, ಆ ಜಾಗದಲ್ಲಿ ಲೋಹ ಸವೆಯದಂತೆ ಕಾಯುವುದು ಆಯಿಲ್‌ನಲ್ಲಿರುವ ಝಿಂಕ್ ಮತ್ತು ರಂಜಕ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ ಹೊಸ ತೆಳು ಆಯಿಲ್‌ಗಳಲ್ಲಿ ಅದನ್ನೇ ಕಡಿಮೆ ಮಾಡಿದ್ದಾರೆ. ಜೊತೆಗೆ ತೆಳು ಆಯಿಲ್ ಹಳೆಯ ಸೀಲ್‌ಗಳಿಂದ ಬೇಗ ಜಿನುಗುತ್ತದೆ. ನನ್ನ ಆಯ್ಕೆ ಹಳೆಯ ಕಾರಿಗೆಂದೇ ಮಾಡಿದ, ಝಿಂಕ್ ಜಾಸ್ತಿ ಇರುವ 20ಡಬ್ಲ್ಯೂ-50 ಎಂಬ ದಪ್ಪ ಮಿನರಲ್ ಆಯಿಲ್. ತುಂಬಾ ಚಳಿಯಲ್ಲಿ ಮಾತ್ರ ಇದು ನಿಧಾನವಾಗಿ ಹರಿಯುತ್ತದೆ, ಹಾಗಾಗಿ ಸ್ಟಾರ್ಟ್ ಮಾಡಿದ ತಕ್ಷಣ ಎಂಜಿನ್ ರೇಸ್ ಮಾಡಬೇಡಿ.

ಫಿಲ್ಟರ್ ವಿಷಯ ಸುಲಭ. ಮೊದಲ ಕಾರುಗಳಲ್ಲಿ ಡಬ್ಬಿಯೊಳಗೆ ಎಲಿಮೆಂಟ್ (ಆಯಿಲ್ ಸೋಸುವ ಭಾಗ) ಕೂರಿಸುವ ವ್ಯವಸ್ಥೆ, ನಂತರದವುಗಳಲ್ಲಿ ತಿರುಗಿಸಿ ಹಾಕುವ ಸ್ಪಿನ್-ಆನ್. ಡಬ್ಬಿಯದು ಮೂಲ ಕಾರಿನ ರೂಪ ಉಳಿಸುತ್ತದೆ, ಆದರೆ ಹಳೆಯ ರಬ್ಬರ್ ರಿಂಗ್ ತಾನು ಕೂರುವ ತೋಡಿನಲ್ಲೇ ಅಂಟಿಕೊಂಡಿರುತ್ತದೆ, ಅದನ್ನು ಪಿನ್ನಿನಿಂದ ಎಬ್ಬಿಸಿ ತೆಗೆಯದೆ ಹೊಸದನ್ನು ಮೇಲೆ ಕೂರಿಸಿದರೆ ಆಯಿಲ್ ಸೋರುವುದು ಖಂಡಿತ. ಪ್ರದರ್ಶನದ ಕಾರಿಗೆ ಡಬ್ಬಿ, ಓಡಿಸುವ ಕಾರಿಗೆ ಸ್ಪಿನ್-ಆನ್. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್ ಇರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಏರಲು ತಡವಾಗುತ್ತದೆ.