ಹಳೆಯ ಲೆಗೊ ಪೆಟ್ಟಿಗೆ ಕೊಳ್ಳಲು ಹೊರಟವರಿಗೆ: ನಾನು 8,200 ರೂಪಾಯಿ ಕಳೆದುಕೊಂಡ ಬಗೆ

ಬಾಲ್ಯದಲ್ಲಿ ಆಡಿದ ಲೆಗೊ (ಒಂದಕ್ಕೊಂದು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳ) ಪೆಟ್ಟಿಗೆಯನ್ನು ಈಗ ಮತ್ತೆ ಕೊಳ್ಳಬೇಕೆಂದು ಹುಡುಕುತ್ತಿರುವವರು, ಅದರಲ್ಲೂ ಮುಖ ನೋಡದ ವ್ಯಕ್ತಿಗೆ ಮೊಬೈಲಿನಲ್ಲೇ ಹಣ ಕಳುಹಿಸಲು ಸಿದ್ಧರಾಗಿರುವವರು, ಕಳುಹಿಸುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ವಿನಂತಿ. ಕಳೆದ ಜನವರಿಯಲ್ಲಿ 8,200 ರೂಪಾಯಿ ಕೊಟ್ಟು ನಾನು ತರಿಸಿಕೊಂಡದ್ದು ನಕಲಿ ಮಾಲು. ಮೋಸ ಮಾಡಿದ್ದು ಮಾರಿದವನು, ನಿಜ. ಆದರೆ ಮೋಸಕ್ಕೆ ಬೇಕಾದ ವಿವರಗಳನ್ನೆಲ್ಲ ಒಂದೂ ಬಿಡದೆ ಬರೆದುಕೊಟ್ಟವಳು ನಾನೇ.

1985ರಲ್ಲಿ ಬಹರೈನಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ ರಜೆಯಲ್ಲಿ ಬೊಂಬಾಯಿಗೆ ಬಂದಿಳಿದು, ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೆ ಬಂದು, ಪೆರ್ಲದ ಸಮೀಪದ ನಮ್ಮ ಮನೆಗೆ ತಲುಪಿದಾಗ ಅವರ ಚೀಲದಲ್ಲಿ ಅಂಗೈಯಷ್ಟೇ ದೊಡ್ಡದಾದ ಒಂದು ಪೆಟ್ಟಿಗೆಯಿತ್ತು. ಅದರಲ್ಲಿದ್ದದ್ದು ಮೂವತ್ತರ ಆಸುಪಾಸಿನ ತುಂಡುಗಳು: ಬೂದು ಬಣ್ಣದ ತೆಳು ಹಲಗೆಗಳು, ನಾಲ್ಕು ಚಕ್ರಗಳು, ಬಿಳಿ ಉಡುಪಿನ ಒಬ್ಬ ಗಗನಯಾತ್ರಿ. ಜಾತ್ರೆಯ ಪೀಪಿ, ಬಲೂನುಗಳಷ್ಟನ್ನೇ ಕಂಡಿದ್ದ ಅಣ್ಣನಿಗೂ ನನಗೂ ಅದು ಬೇರೆಯೇ ಲೋಕದ ವಸ್ತು. ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗವಿದೆ. ಕಾಸರಗೋಡಿನ ಈಚೆಯವರಿಗೆ ವಿವರಿಸಬೇಕಾಗಿಲ್ಲ. ದೂರದವರಿಗಾಗಿ ಹೇಳುವುದಾದರೆ, ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಹೊರಗಿನ ಟ್ಯಾಂಕಿಗೆ ಹರಿಸಿಕೊಳ್ಳುವ ವ್ಯವಸ್ಥೆ ಅದು. ಆ ಸುರಂಗದ ಬಾಯಿಯೇ ನಮ್ಮ ಚಂದ್ರಲೋಕವಾಗಿತ್ತು. ಮೊದಲು ಶಿರಸ್ತ್ರಾಣದ ಗಲ್ಲದ ಪಟ್ಟಿ ಮುರಿಯಿತು. ಮುಂದಿನ ಮಳೆಗಾಲದಲ್ಲಿ ಗಗನಯಾತ್ರಿಯೂ ನೀರಿನೊಂದಿಗೆ ಹೋದ. ಉಳಿದವು ಮೂರೇ ತುಂಡುಗಳು, ಅವು ಅಮ್ಮನ ಗುಂಡಿ ಡಬ್ಬಿಯಲ್ಲಿ ಅಂಗಿಯ ಗುಂಡಿಗಳ ನಡುವೆ ಇಂದಿಗೂ ಇವೆ.

ಅಣ್ಣನಿಗೆ ಐವತ್ತು ತುಂಬುವಾಗ ಅದೇ ಪೆಟ್ಟಿಗೆಯನ್ನು ಕೊಡಬೇಕೆಂಬ ಆಸೆಯಿಂದ, ಹಳೆಯ ಆಟಿಕೆ ಸಂಗ್ರಹಿಸುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ಮೇಲಿನದ್ದೆಲ್ಲವನ್ನೂ, ಸುರಂಗ ಮತ್ತು ಮುರಿದ ಪಟ್ಟಿ ಸಹಿತವಾಗಿ, ಉದ್ದಕ್ಕೆ ಬರೆದೆ. ಎರಡೇ ದಿನದಲ್ಲಿ ಒಬ್ಬರು ಸಂದೇಶ ಕಳುಹಿಸಿದರು. ಅವರ ತಂದೆಯೂ ಗಲ್ಫಿನಲ್ಲಿದ್ದವರಂತೆ, ಅವರ ಮನೆಯ ಅಟ್ಟದಲ್ಲಿಯೂ ಅದೇ ಪೆಟ್ಟಿಗೆ ಸಿಕ್ಕಿದೆಯಂತೆ, ವಿಚಿತ್ರವೆಂದರೆ ಅವರ ಗಗನಯಾತ್ರಿಯ ಪಟ್ಟಿಯೂ ಮುರಿದಿದೆಯಂತೆ. ನನಗೆ ಅದು ವಿಚಿತ್ರವೆನಿಸಬೇಕಿತ್ತು, ಆಪ್ತವೆನಿಸಿತು. "ನಿಮ್ಮಂಥವರ ಕೈ ಸೇರಿದರೆ ನನಗೂ ಸಮಾಧಾನ ಅಕ್ಕ" ಎಂದು ಬರೆದವರ ಬಳಿ ಚೌಕಾಸಿ ಮಾಡುವುದು ಹೇಗೆ? ಮೊದಲು ಅರ್ಧ ಹಣ ಕೇಳಿದರು. ಮರುದಿನ ದುಬೈಯಿಂದ ಇನ್ನೊಬ್ಬರು ಕೇಳುತ್ತಿದ್ದಾರೆಂದು ಹೇಳಿ ಉಳಿದರ್ಧವನ್ನೂ ಕೇಳಿದರು. ಎರಡನ್ನೂ ಯುಪಿಐ ಮೂಲಕ ಕಳುಹಿಸಿದೆ.

ಒಂಬತ್ತನೆಯ ದಿನ ಪಾರ್ಸೆಲ್ ಬಂತು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಣ್ಣ ಒಂದು ಹಲಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಇದು ನಮ್ಮ ಬೂದು ಬಣ್ಣ ಅಲ್ಲ ಮಾರಾಯ್ತಿ" ಎಂದ. ನಾನು ನಂಬಲಿಲ್ಲ. ಅವನು ಎದ್ದು ಹೋಗಿ ಗುಂಡಿ ಡಬ್ಬಿಯನ್ನು ತಂದು ಹಳೆಯ ತುಂಡನ್ನು ಪಕ್ಕದಲ್ಲಿಟ್ಟಾಗ ವಾದಿಸಲು ಏನೂ ಉಳಿಯಲಿಲ್ಲ. ಲೆಗೊ ಕಂಪೆನಿಯು 2004ರ ಹೊತ್ತಿಗೆ ತನ್ನ ಬೂದು ಬಣ್ಣವನ್ನೇ ಬದಲಾಯಿಸಿತು ಎಂಬುದನ್ನು ನಾನು ತಿಳಿದದ್ದು ಆಮೇಲೆ: ಹಳೆಯ ಬೂದಿನಲ್ಲಿ ತುಸು ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಬಿಸಿಲು ತಗಲಿದ ಹಳೆಯ ತುಂಡು ಇನ್ನಷ್ಟು ಹಳದಿಗೆ ತಿರುಗುತ್ತದೆಯೇ ಹೊರತು ನೀಲಿಗೆ ತಿರುಗುವುದಿಲ್ಲ. 1985ರ ಪೆಟ್ಟಿಗೆಯಲ್ಲಿ ನೀಲಿ ಛಾಯೆಯ ಬೂದು ಇದ್ದರೆ ಅದನ್ನು ಅನಂತರ ತುಂಬಿಸಲಾಗಿದೆ ಎಂದೇ ಅರ್ಥ.

ಬಳಿಕ ಭೂತಗನ್ನಡಿ ಹಿಡಿದು ಕುಳಿತೆವು. ಲೆಗೊ ಇಟ್ಟಿಗೆಯ ಪ್ರತಿಯೊಂದು ಗುಬ್ಬಿಯ (ಜೋಡಿಸಲೆಂದು ಮೇಲೆ ಉಬ್ಬಿರುವ ಗುಂಡನೆಯ ಭಾಗ) ಮೇಲೆಯೂ ಕಂಪೆನಿಯ ಹೆಸರು ಅಚ್ಚಾಗಿರುತ್ತದೆ. ನಮಗೆ ಬಂದವುಗಳಲ್ಲಿ ಅರ್ಧಕ್ಕರ್ಧ ಬೋಳು. ಗಗನಯಾತ್ರಿಯ ತಲೆಯ ಮೇಲಿನ ಗುಬ್ಬಿ ಟೊಳ್ಳಾಗಿತ್ತು. 1978ರಲ್ಲಿ ಆ ಪುಟ್ಟ ಮನುಷ್ಯರು ಬಂದ ಮೊದಲ ವರ್ಷಗಳಲ್ಲಿ ಅದು ಮುಚ್ಚಿಕೊಂಡೇ ಇರುತ್ತಿತ್ತು. ಗಾಳಿಯಾಡುವ ತೂತು ಬಂದದ್ದು ತಡವಾಗಿ. ಎದೆಯ ಮೇಲಿನ ಗ್ರಹದ ಚಿತ್ರ ಉಗುರಿನಿಂದ ಉಜ್ಜಿದರೆ ಏಳುತ್ತಿತ್ತು. ಶಿರಸ್ತ್ರಾಣದ ಪಟ್ಟಿ ಮುರಿದಿತ್ತೆಂಬುದು ಮಾತ್ರ ನಿಜ, ಆದರೆ ಅದು ಬ್ಲೇಡಿನಿಂದ ಕೊಯ್ದಂತೆ ನೇರವಾಗಿ ಮುರಿದಿತ್ತು. ನನ್ನ ಸಂದೇಶವನ್ನು ಓದಿದ ಮೇಲೆ ಯಾರೋ ಕುಳಿತು ಕೊಯ್ದದ್ದು ಅದು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಚುಚ್ಚುವುದು ಅದೊಂದೇ. ಸೂಚನೆಯ ಕಾಗದಕ್ಕೆ ಹಳೆಯ ಬಣ್ಣ ಬರಲು ಚಹಾ ನೀರು ಹಚ್ಚಿದ್ದರು. ಮೂಸಿ ನೋಡಿದರೆ ಚಹಾದ ವಾಸನೆಯೇ ಬರುತ್ತಿತ್ತು.

ತುಂಡುಗಳು ಒಂದಕ್ಕೊಂದು ಚೆನ್ನಾಗಿ ಕೂಡುತ್ತವೆಯಲ್ಲ ಎಂದು ನಾನು ಮೊದಲು ಸಮಾಧಾನ ಮಾಡಿಕೊಂಡಿದ್ದೆ. ಅದು ಪುರಾವೆಯಲ್ಲ. ಒಳಗೆ ಕೊಳವೆಯಿರುವ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಅರ್ಜಿ ಹಾಕಿದ ಕಾಲದಿಂದ ಅಳತೆ ಬದಲಾಗಿಲ್ಲ, ಒಂದು ಗುಬ್ಬಿಯಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಹಾಗಾಗಿ ನಿನ್ನೆ ತಯಾರಾದ ತುಂಡೂ ಅಜ್ಜನ ಕಾಲದ ತುಂಡಿಗೆ ಕೂಡುತ್ತದೆ. ಆ ಆಟಿಕೆಯ ಹಿರಿಮೆಯೇ ಕಲಬೆರಕೆ ಮಾಡುವವನಿಗೆ ಅನುಕೂಲವಾಗಿದೆ.

ಇನ್ನೊಂದು ತಪ್ಪು ನನ್ನ ದಾಕ್ಷಿಣ್ಯದ್ದು. ಪಾರ್ಸೆಲ್ ಬಂದ ದಿನವೇ ದೂರು ಕೊಡುವ ಬದಲು, ಅವರಿಗೂ ಗೊತ್ತಿರಲಿಕ್ಕಿಲ್ಲವೆಂದು ವಿನಯದಿಂದ ವಿಚಾರಿಸುತ್ತ ಹನ್ನೆರಡು ದಿನ ಕಳೆದೆ. ಅಷ್ಟರಲ್ಲಿ ಆ ಸಂಖ್ಯೆ ಸ್ಥಗಿತವಾಗಿತ್ತು. ಇಂತಹ ವಂಚನೆಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ, ಕೂಡಲೇ ಕರೆ ಮಾಡಿದರೆ ಹಣ ಇನ್ನೂ ಖಾತೆಯಲ್ಲಿರುವಾಗಲೇ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ನಾನು ಕರೆ ಮಾಡಿದಾಗ ಹಣ ಬೇರೆ ಕಡೆಗೆ ಹೋಗಿಯಾಗಿತ್ತು. ನನ್ನ ಪೇಟೆ ಮಲಯಾಳದಲ್ಲಿ, ಮೂರಿಂಚಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಗಗನಯಾತ್ರಿಯ ತಲೆ ಟೊಳ್ಳಾಗಿದೆ ಎಂಬ ದೂರನ್ನು ವಿವರಿಸಿದ್ದು ಒಂದು ಪ್ರಸಂಗವೇ ಸರಿ. ಆ ಕಡೆಯವರು ನಗದೆ ಬರೆದುಕೊಂಡರು.

ಕೊಳ್ಳಲೇಬೇಕೆಂದಿರುವವರು ಮಾರುವವರಿಂದ ಗುಬ್ಬಿಗಳ ಹತ್ತಿರದ ಚಿತ್ರ, ಗಗನಯಾತ್ರಿಯ ತಲೆಯ ಮೇಲ್ಭಾಗದ ಚಿತ್ರ, ಬೂದು ತುಂಡನ್ನು ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ತೆಗೆದ ಚಿತ್ರ, ಇವಿಷ್ಟನ್ನು ಕೇಳಿ. ಚಿತ್ರದೊಳಗೆ ನಿಮ್ಮ ಹೆಸರು ಮತ್ತು ಆ ದಿನದ ತಾರೀಕು ಬರೆದ ಚೀಟಿಯೊಂದಿರಲಿ. ನನಗೆ ಬಂದ ಚಿತ್ರಗಳು ಬೇರೆ ದೇಶದ ಮಾರಾಟದ ಪುಟವೊಂದರಿಂದ ಎತ್ತಿದವು ಎಂಬುದು ಗೂಗಲ್‌ನಲ್ಲಿ ಅದೇ ಚಿತ್ರವನ್ನು ಹಾಕಿ ಹುಡುಕಿದಾಗ ಅರ್ಧ ನಿಮಿಷದಲ್ಲಿ ತಿಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಪೆಟ್ಟಿಗೆಯಲ್ಲಿ ಏನಿತ್ತು, ಏನು ಮುರಿದಿತ್ತು, ಯಾರು ತಂದುಕೊಟ್ಟರು ಎಂಬುದನ್ನು ಮೊದಲೇ ಹೇಳಬೇಡಿ. ಅವರೇ ಹೇಳಲಿ, ನೀವು ಹೋಲಿಸಿ ನೋಡಿ.

ಹೋದ ವಾರ ಕುಂಬಳೆಯ ನಮ್ಮ ಚಿಕ್ಕಮ್ಮನ ಮಗಳು ಒಂದು ಜಾಹೀರಾತಿನ ಚಿತ್ರವನ್ನು ಕಳುಹಿಸಿದಳು. ಸಂಖ್ಯೆ ಬೇರೆ, ಹೆಸರು ಬೇರೆ, ಪೆಟ್ಟಿಗೆ ಅದೇ, ಬೆಲೆ 9,000. ಕೆಳಗೆ ಬರೆದಿತ್ತು: "ನಮ್ಮ ಮನೆಯ ಹಿಂದಿನ ಸುರಂಗದಲ್ಲಿ ನಾವು ಆಡಿದ ಪೆಟ್ಟಿಗೆ, ಅಮ್ಮ ಗುಂಡಿ ಡಬ್ಬಿಯಲ್ಲಿ ಕಾದಿಟ್ಟದ್ದು." ಈ ಸಾಲು ಎಲ್ಲಾದರೂ ಕಂಡರೆ ದಯವಿಟ್ಟು ಹಣ ಕಳುಹಿಸಬೇಡಿ. ಆ ಸುರಂಗ ನಮ್ಮದು, ಡಬ್ಬಿ ನಮ್ಮ ಅಮ್ಮನದು.