ಹಳೇ ಜೆಸಿಬಿ ನೋಡೋಕೆ ಹೋದಾಗ ಇಂಜಿನ್ ಬಿಸಿ ಇದ್ದರೆ ವಾಪಸ್ ಬನ್ನಿ

ಬೇಸಿಗೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು ನಿಂತು ಭತ್ತದ ಕೊಯ್ಲು ಮುಗೀತು ಅಂದ್ರೆ ಗಂಗಾವತಿ, ಕಾರಟಗಿ ಕಡೆ ಜೆಸಿಬಿಗೆ ಬಿಡುವೇ ಇರಲ್ಲ. ಗದ್ದೆ ಸಮ ಮಾಡೋದು, ಬದು ಹಾಕೋದು, ಹೂಳು ತೆಗೆಯೋದು. ಆ ದುಡಿಮೆ ನಂಬಿ ಹೋದ ವರ್ಷ ಸಂಡೂರು ಕಡೆಯ ಒಬ್ಬರಿಂದ ಹಳೇ ಗಾಡಿ ತಗೊಂಡೆ. 13 ಲಕ್ಷ, ಅದರಲ್ಲಿ 9 ಲಕ್ಷ ಫೈನಾನ್ಸ್.

ನೋಡೋಕೆ ಹೋದಾಗ ಬೆಳಗ್ಗೆ 11 ಗಂಟೆ. ಇಂಜಿನ್ ಬಿಸಿ ಇತ್ತು. "ಈಗ ತಾನೇ ಕೆಲ್ಸ ಮುಗಿಸ್ಕೊಂಡು ಬಂದೈತಣ್ಣ" ಅಂದ್ರು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್, ಹೊಗೆ ಇಲ್ಲ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರ್‌ನಲ್ಲಿ 6,200 ಗಂಟೆ. ಆದರೆ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣ್ತಿತ್ತು. ಅದನ್ನ ನೋಡಿಯೂ ಗಾಡಿ ಇನ್ನೂ ಜಾಸ್ತಿ ಓಡಿರಬಹುದು ಅಂತ ಮೀಟರ್ ಮೇಲೆ ಅನುಮಾನ ಪಡಲಿಲ್ಲ. ಆರ್‌ಸಿ, ಹಳೇ ಸಾಲದ ಎನ್‌ಒಸಿ, ಆರ್‌ಸಿಯಿಂದ ಸಾಲದ ಹೆಸರು ತೆಗೆಸೋ ಫಾರಂ 35 ಎಲ್ಲ ಸರಿ ಇದ್ದವು.

ಮರುದಿನ ಬೆಳಗ್ಗೆ ಆರಕ್ಕೆ ಸೆಲ್ಫ್ ಹೊಡೆದರೆ ಎಳೆದೂ ಎಳೆದೂ ಕೊನೆಗೆ ಹತ್ತಿಕೊಳ್ತು. ಓಣಿ ತುಂಬ ನೀಲಿ ಹೊಗೆ, ಅಂದ್ರೆ ಆಯಿಲ್ ಉರೀತಿದೆ ಅಂತ. ಹಿಂದಿನ ದಿನ ಇಂಜಿನ್ ಬಿಸಿ ಇದ್ದಿದ್ದಕ್ಕೆ ಇದ್ಯಾವುದೂ ಕಾಣಲಿಲ್ಲ. ಮೂರು ವಾರದಲ್ಲಿ ದಿನಕ್ಕೆ ಎರಡು ಲೀಟರ್ ಆಯಿಲ್ ಕುಡಿಯೋಕೆ ಶುರು ಮಾಡ್ತು. ಕೊಪ್ಪಳದ ಮೆಕ್ಯಾನಿಕ್ ಒಬ್ಬರು ಇಂಜಿನ್ ಓಡ್ತಿದ್ದಾಗಲೇ ಆಯಿಲ್ ಹಾಕೋ ಮುಚ್ಚಳ ಬಿಚ್ಚಿದರು. ಬುಸುಬುಸು ಅಂತ ಹೊಗೆ ಬಂತು. ಗಾಡಿ ಬಂದ್ ಮಾಡಿಸಿ, ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗೋ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ ತೋರಿಸಿದರು. ಕುಂಕುಮದಂಥ ಕೆಂಪು ಧೂಳು, ಗಣಿ ಧೂಳು. "ಒಳಗಿನ ಫಿಲ್ಟರ್ರೇ ಇಲ್ಲಲ್ಲೋ ತಮ್ಮಾ" ಅಂದ್ರು.

ಏರ್ ಫಿಲ್ಟರ್ ಒಂದೇ ಅಲ್ಲ, ಎರಡಿರ್ತವೆ. ಹೊರಗಿನದನ್ನ ಟೈರ್‌ಗೆ ಬಡಿದು, ಜೋರು ಗಾಳಿ ಹೊಡೆದು ಕಾಗದ ಹರಿದ ಮೇಲೆ ಇಂಜಿನ್ ಕಾಯೋದು ಒಳಗಿನದೇ. ಅದನ್ನ ತೊಳೆಯೋ, ಗಾಳಿ ಹೊಡೆಯೋ ಹಾಗಿಲ್ಲ, ಬದಲಿಸಬೇಕು. ಅದೂ ಇಲ್ಲದಿದ್ರೆ ಧೂಳು ನೇರ ಸಿಲಿಂಡರ್‌ಗೆ ಇಳಿದು ಪಿಸ್ಟನ್ ರಿಂಗ್, ಸಿಲಿಂಡರ್ ಒಳಗಿನ ಲೈನರ್ ಎಲ್ಲ ಉಜ್ಜಿ ಹಾಕುತ್ತೆ. ಆಯಿಲ್ ಕುಡಿಯೋದು, ಮುಚ್ಚಳದಿಂದ ಹೊಗೆ ಬರೋದು ಅದಕ್ಕೇ. ನಮ್ಮದರಲ್ಲಿ ಹೊಗೆ ಮುಚ್ಚೋಕೆ ಮಾಮೂಲಿಗಿಂತ ದಪ್ಪ ಆಯಿಲ್ ಬೇರೆ ತುಂಬಿದ್ರು. ಇಂಜಿನ್ ಕೆಲಸಕ್ಕೆ 2,85,000 ಹೋಯ್ತು. ಸೀಸನ್ನಿನ 26 ದಿನ ಗಾಡಿ ಶೆಡ್ಡಿನಲ್ಲಿ. ಕಂತು ಮಾತ್ರ ನಿಲ್ಲಲಿಲ್ಲ, ಹೆಂಡತಿ ಬಳೆ ಅಡ ಇಟ್ಟು ಕಟ್ಟಿದೆ. ಮಾರಿದೋರು ಆಮೇಲೆ ಫೋನೇ ಎತ್ತಲಿಲ್ಲ.

ಅದಕ್ಕೇ ಕೇಳ್ಕೊಳ್ತೀನಿ, ಬೆಳಗ್ಗೆ ಆರಕ್ಕೇ ಹೋಗಿ, ಮೊದಲು ಇಂಜಿನ್ ಮುಟ್ಟಿ ನೋಡಿ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಮುಂದಿನ ಬಕೆಟ್ ಎತ್ತಿಸಿ, ಇಂಜಿನ್ ಬಂದ್ ಮಾಡಿಸಿ, ಹತ್ತು ನಿಮಿಷ ದೂರ ನಿಂತು ನೋಡಿ. ತಾನಾಗೇ ಇಳೀತಾ ಬಂದ್ರೆ ಹೈಡ್ರಾಲಿಕ್‌ಗೂ ಖರ್ಚಿದೆ ಅಂತ ಲೆಕ್ಕ. ನಿಮ್ಮದೇ ಮೆಕ್ಯಾನಿಕ್ ಕರ್ಕೊಂಡು ಹೋಗಿ, ಅವರ ಒಂದು ದಿನದ ಕೂಲಿಗೆ ಹಿಂದೆಮುಂದೆ ನೋಡಬೇಡಿ. ಕೊನೆಗೆ ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಹೋಗೋ ಆ ಪೈಪಿನ ಕ್ಲಾಂಪ್ ಬಿಚ್ಚಿಸಿ ಒಳಗೆ ಬಿಳಿ ಬಟ್ಟೆ ಆಡಿಸಿ. ಐದು ನಿಮಿಷದ ಕೆಲಸ. ಮಾರೋರು ಬಿಚ್ಚೋದು ಬೇಡ ಅಂದ್ರೆ ಅಡ್ವಾನ್ಸ್ ಕೊಡಬೇಡಿ.