ವೋ-ಲ-ವಿಕೋಂತ್: 1661ಕ್ಕೆ ಮುಗಿಯದ ಮನೆಯ ಕಥೆ

ಪ್ಯಾರಿಸ್ಸಿನ ಆಗ್ನೇಯಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿ, ಮಲನ್ ಪಟ್ಟಣದ ಸಮೀಪವಿರುವ ವೋ-ಲ-ವಿಕೋಂತ್ ಅರಮನೆಯನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಪ್ರವಾಸ ಸಂಸ್ಥೆಯೊಂದರ ಬಸ್ಸಿನಲ್ಲಿ ಹೋಗಿದ್ದೆ. ಅವರ ಮಾರ್ಗದರ್ಶಿ 1661ಕ್ಕೆ ಕಥೆ ಮುಗಿಸಿ, ಒಂದೂವರೆ ಗಂಟೆಯೊಳಗೆ ಎಲ್ಲರನ್ನೂ ಮತ್ತೆ ಬಸ್ಸು ಹತ್ತಿಸಿಬಿಟ್ಟರು. ಎರಡನೆಯ ಸಲ ನಾನೇ ರೈಲು ಹಿಡಿದು ಹೋಗಿ ಇಡೀ ದಿನ ಅಲ್ಲಿದ್ದೆ. ಈ ವಿಮರ್ಶೆ ಆ ದಿನದ್ದು.

ಮಾರ್ಗದರ್ಶಿ ಹೇಳಿದ ಭಾಗ ಬಹಳ ಮಂದಿಗೆ ಗೊತ್ತಿರುವಂಥದ್ದೇ. ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿಯ ಹಣಕಾಸು ಅಧಿಕಾರಿಯಾಗಿದ್ದ ನಿಕೊಲಾ ಫುಕೆ 1641ರಲ್ಲಿ ಕೊಂಡ ಜಮೀನಿನಲ್ಲಿ, ವಾಸ್ತುಶಿಲ್ಪಿ ಲ ವೋ, ಚಿತ್ರಕಾರ ಲ ಬ್ರುನ್ ಮತ್ತು ಉದ್ಯಾನ ನಿರ್ಮಾಪಕ ಲ ನೋತ್ರ್ ಸೇರಿ ಈ ಮನೆಯನ್ನು ರೂಪಿಸಿದರು. 1661ರ ಆಗಸ್ಟ್ 17ರಂದು ಫುಕೆ ರಾಜನಿಗೆ ಇಲ್ಲಿ ಔತಣ ಕೊಟ್ಟ. ಹತ್ತೊಂಬತ್ತು ದಿನಗಳ ನಂತರ, ಸರ್ಕಾರದ ಹಣ ನುಂಗಿದನೆಂಬ ಆರೋಪದ ಮೇಲೆ ಅವನ ಬಂಧನವಾಯಿತು. ನ್ಯಾಯಾಲಯ ಗಡೀಪಾರಿನ ಶಿಕ್ಷೆ ಕೊಟ್ಟರೆ ರಾಜ ಅದನ್ನು ಜೀವಾವಧಿ ಸೆರೆಗೆ ಏರಿಸಿದ. ಇಲ್ಲಿಯ ಕಿತ್ತಳೆ ಗಿಡಗಳೂ, ಆ ಮೂವರು ಕಲಾವಿದರೂ ರಾಜನ ವರ್ಸೇ ಅರಮನೆಯ ಪಾಲಾದರು.

ಆದರೆ ಮನೆ ಎಲ್ಲಿಗೂ ಹೋಗಲಿಲ್ಲ. 1673ರಲ್ಲಿ ಫುಕೆಯ ಹೆಂಡತಿ ಅದನ್ನು ಮರಳಿ ಪಡೆದಳು. ಹಿರಿಯ ಮಗ ತೀರಿಕೊಂಡ ಮೇಲೆ, 1705ರಲ್ಲಿ ಅದು ಸೇನಾಧಿಪತಿ ವಿಲಾರ್‌ಗೆ ಮಾರಾಟವಾಯಿತು. 1764ರಲ್ಲಿ ಪ್ರಾಲೆನ್ ಮನೆತನದ ಕೈ ಸೇರಿತು. ಇಬ್ಬರೂ ತಮ್ಮ ಹೆಸರನ್ನು ಮನೆಗೆ ಅಂಟಿಸಿದವರು: ವೋ-ಲ-ವಿಲಾರ್, ಆಮೇಲೆ ವೋ-ಲ-ಪ್ರಾಲೆನ್. 1847ರಲ್ಲಿ ಆ ಮನೆತನದ ಡ್ಯೂಕ್ ಪ್ಯಾರಿಸ್ಸಿನಲ್ಲಿ ತನ್ನ ಹೆಂಡತಿಯನ್ನು ಕೊಂದು, ವಿಷ ಕುಡಿದು ಸತ್ತ ಮೇಲೆ, ಸುಮಾರು ಮೂರು ದಶಕ ಈ ಮನೆ ಹಾಳು ಬಿತ್ತು.

ನನ್ನ ದೃಷ್ಟಿಯಲ್ಲಿ ಇಲ್ಲಿಯ ನಿಜವಾದ ನಾಯಕ ಫುಕೆಯಲ್ಲ. 1875ರಲ್ಲಿ ಹರಾಜಿನಲ್ಲಿ ಇದನ್ನು ಕೊಂಡ ಸಕ್ಕರೆ ಉದ್ಯಮಿ ಆಲ್ಫ್ರೆಡ್ ಸೊಮಿಯೆ. ವಾಸ್ತುಶಿಲ್ಪಿ ದೆತೈಯೋರ್‌ನನ್ನು ಕರೆಸಿ ಕಟ್ಟಡವನ್ನು ದುರಸ್ತಿ ಮಾಡಿಸಿದವನು, ಖಾಲಿಯಾಗಿದ್ದ ಕೋಣೆಗಳಿಗೆ ಪೀಠೋಪಕರಣ ತುಂಬಿದವನು, ಕಾಡು ಬೆಳೆದಿದ್ದ ಉದ್ಯಾನವನ್ನು ಮತ್ತೆ ಬಿಡಿಸಿದವನು ಅವನೇ. ಇಷ್ಟೆಲ್ಲ ಸುರಿದವನು ತನ್ನ ಹೆಸರನ್ನು ಮಾತ್ರ ಮನೆಗೆ ಇಡಲಿಲ್ಲ. ಹಳೆಯ ಹೆಸರೇ ಮತ್ತೆ ನಿಂತಿತು. ಫುಕೆಯ ಲಾಂಛನವಾದ ಅಳಿಲು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ.

ಒಳಗೆ ನೋಡಲೇಬೇಕಾದದ್ದು ಅಂಡಾಕಾರದ ದೊಡ್ಡ ಸಭಾಂಗಣ. ಕತ್ತೆತ್ತಿ ಗುಮ್ಮಟದ ಒಳಮೈಯನ್ನು ನೋಡಿದರೆ, ಅಕ್ಕಪಕ್ಕದ ಕೋಣೆಗಳ ಚಾವಣಿಯಲ್ಲಿ ತುಂಬಿತುಳುಕುವ ದೇವತೆಗಳ ಗುಂಪು ಇಲ್ಲಿಲ್ಲ. ಲ ಬ್ರುನ್ ಇದಕ್ಕೆಂದು ನಕ್ಷೆ ಹಾಕಿದ್ದ ಸೂರ್ಯನ ಅರಮನೆಯ ಚಿತ್ರವನ್ನು ಬರೆಯುವ ಮೊದಲೇ ಯಜಮಾನ ಸೆರೆಮನೆ ಸೇರಿದ್ದ. ಕೆಳಗೆ ಅಡುಗೆಮನೆಯಲ್ಲಿ ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆಗಳು ಸೊಮಿಯೆ ಕುಟುಂಬದ ಕಾಲವನ್ನು ನೆನಪಿಸುತ್ತವೆ. ಮೇಲಿನ ಚಿನ್ನದ ಬಣ್ಣಕ್ಕಿಂತ ನನಗೆ ಇವೇ ಹಿಡಿಸಿದವು.

ಮನೆ ಈಗಲೂ ಸೊಮಿಯೆಯ ವಂಶದವರದು. ಆ ವಂಶದ ಪಾತ್ರಿಸ್ ದ ವೊಗ್ಯುಎ 1967ರಲ್ಲಿ ಇದನ್ನು ಮದುವೆಯ ಉಡುಗೊರೆಯಾಗಿ ಪಡೆದು, ಮರುವರ್ಷವೇ ಹೆಂಡತಿಯೊಡನೆ ಸಾರ್ವಜನಿಕರಿಗೆ ಬಾಗಿಲು ತೆರೆದರು. ನಂತರ ಅವರ ಮೂವರು ಗಂಡುಮಕ್ಕಳು ನಿರ್ವಹಣೆ ವಹಿಸಿಕೊಂಡರು. ಹೆತ್ತವರ ಆಸ್ತಿಯಲ್ಲಿ ಪ್ರತಿ ಮಗುವಿಗೂ ಕಾನೂನೇ ಪಾಲು ಕಾದಿರಿಸುವ ಫ್ರಾನ್ಸಿನಲ್ಲಿ, ಸುಮಾರು 500 ಹೆಕ್ಟೇರಿನ ಎಸ್ಟೇಟು ಐದು ತಲೆಮಾರು ಒಡೆಯದೆ ಉಳಿಯುವುದು ಸಣ್ಣ ಸಂಗತಿಯಲ್ಲ. ಟಿಕೆಟ್ಟಿನ ಹಣ ಚಾವಣಿಯ ದುರಸ್ತಿಗೆ ಹೋಗುತ್ತದೆ ಎಂದುಕೊಂಡರೆ ಬೆಲೆ ಅಷ್ಟು ಚುಚ್ಚುವುದಿಲ್ಲ. ಬೇಸಿಗೆಯ ಶನಿವಾರಗಳಂದು ಸಾವಿರಾರು ಮೇಣದಬತ್ತಿ ಹಚ್ಚುವ ಸಂಜೆಗಳು ಸುಂದರವೇ, ಆದರೆ ಕೋಣೆಗಳ ವಿವರ ಬೇಕೆಂದವರು ಹಗಲಿನಲ್ಲಿ ಹೋಗುವುದು ಲೇಸು.

ಉದ್ಯಾನಕ್ಕೆ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ. ಮೆಟ್ಟಿಲ ಮೇಲೆ ನಿಂತಾಗ ಹತ್ತಿರವೇ ಇರುವಂತೆ ತೋರುವ ಹರ್ಕ್ಯುಲಿಸ್ ಪ್ರತಿಮೆಯತ್ತ ನಡೆಯತೊಡಗಿದರೆ, ಅಲ್ಲಿಯವರೆಗೆ ಕಣ್ಣಿಗೇ ಬೀಳದಿದ್ದ ಅಗಲವಾದ ಕಾಲುವೆಯೊಂದು ದಾರಿಗೆ ಅಡ್ಡಬರುತ್ತದೆ. ಅದನ್ನು ಸುತ್ತಿಹೋಗಿ ದಿಬ್ಬ ಹತ್ತಬೇಕು. ಆ ಜಾಗಕ್ಕೆ ಹರ್ಕ್ಯುಲಿಸ್ ಬೇಕೆಂದು ಯೋಚಿಸಿದ್ದು ಫುಕೆಯ ಕಾಲದಲ್ಲಿ; ಅದನ್ನು ತಂದು ನಿಲ್ಲಿಸಿದವನು ಇನ್ನೂರು ವರ್ಷಗಳ ನಂತರ ಬಂದ ಸಕ್ಕರೆ ಉದ್ಯಮಿ.